ಗರ್ಭಚೀಲಕ್ಕೆ ಒಪ್ಪಿಗೆ ಯಾರದು?

ಹಾವೇರಿ ಸೀಮೆಯಲ್ಲಿ ‘ಚೀಲ ತೆಗಿಸೇನ್ರಿ’ (ಚೀಲ ಎಂದರೆ ಗರ್ಭಕೋಶ) ಎಂಬ ಮಾತು ನಲವತ್ತು ದಾಟದ ಹೆಣ್ಣುಮಕ್ಕಳ ಬಾಯಲ್ಲೂ ಬರುತ್ತದೆ. ಬಿಳಿ ಹೋಗತೈತಿ, ಸೊಂಟ ಹಿಡೀತೈತಿ, ಮುಟ್ಟು ನಿಲ್ಲವಲ್ದು ಎಂದು ಆಸ್ಪತ್ರೆಗೆ ಹೋದವರು. ಇಂಥ ಎಷ್ಟೋ ತೊಂದರೆ ಗುಳಿಗೆಯಲ್ಲೇ ವಾಸಿಯಾಗುತ್ತವೆ. ಆದರೆ ‘ಬಿಟ್ರ ಕ್ಯಾನ್ಸರ್ ಆಗತೈತಿ’ ಎಂದು ಹೇಳಿಬಿಟ್ಟರೆ ಮನೆಯವರು ಸಾಲ ಮಾಡಿಯಾದರೂ ಆಪರೇಷನ್‌ಗೆ ಒಪ್ಪುತ್ತಾರೆ.

ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರದೈನೂರರಷ್ಟು ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ಆರೋಪ ಎದ್ದಿದ್ದು ಹೀಗೆ. ಅವರಲ್ಲಿ ಲಂಬಾಣಿ ತಾಂಡಾಗಳವರು ಬಹಳ. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ ಈ ಹೆಣ್ಣುಮಕ್ಕಳು ಅವರ ಶಿಗ್ಗಾವಿ ಮನೆಗೇ ಪಾದಯಾತ್ರೆ ಹೊರಟರು. ಅದಕ್ಕೂ ಮೊದಲು, 2015ರ ಸುಮಾರಿಗೆ, ಕಲಬುರಗಿಯ ತಾಂಡಾಗಳಿಂದ ಇದೇ ದೂರು ಬಂದಿತ್ತು. ಅಲ್ಲಿ ಖಾಸಗಿ ಆಸ್ಪತ್ರೆಗಳು.

ಬಿಹಾರ, ಛತ್ತೀಸಗಢಗಳಲ್ಲೂ ಇದೇ ದೂರು, ಆದರೆ ಅಲ್ಲಿ ದುಡ್ಡಿನ ದಾರಿ ಬೇರೆ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆ ಭರಿಸುತ್ತಿತ್ತು. ಗುಳಿಗೆ ಬರೆದುಕೊಟ್ಟರೆ ಆಸ್ಪತ್ರೆಗೆ ಏನೂ ಇಲ್ಲ, ಆಪರೇಷನ್ ಮಾಡಿದರೆ ಬಿಲ್.

ನಮ್ಮ ಕಡೆ ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಇಪ್ಪತ್ತೈದರೊಳಗೇ ಎರಡು ಮೂರು ಹೆರಿಗೆಯಾಗಿ ಸಂತಾನಹರಣ ಚಿಕಿತ್ಸೆಯೂ ಮುಗಿದಿರುತ್ತದೆ. ಆಮೇಲೆ ಗರ್ಭಕೋಶ ಇದ್ದೇನು ಫಲ ಎಂದು ಮನೆಯವರಿಗೂ ಅನ್ನಿಸುತ್ತದೆ, ಕೆಲವು ವೈದ್ಯರಿಗೂ. ಅದರ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತವರ ಬಾಧೆಯೆಲ್ಲ ಒಮ್ಮೆಲೇ ಶುರುವಾಗಿ, ಎಲುಬು ಬೇಗ ಸವೆಯುತ್ತವೆ. ಹೊಲದ ಕೂಲಿಯ ಮೇಲೆ ಬದುಕುವವಳಿಗೆ ಇದು ಸಣ್ಣ ನಷ್ಟವಲ್ಲ.

ಒಪ್ಪಿಗೆಯ ಬಗ್ಗೆ ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟವಾಗಿ ಹೇಳಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿ ಒಪ್ಪಿದ್ದು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿ ತಪಾಸಣೆಗೆ ಮಾತ್ರ. ಅವರು ಅರಿವಳಿಕೆಯಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ತೆಗೆದಿದ್ದರು. ತಾಯಿಯ ಒಪ್ಪಿಗೆ ಸಲ್ಲದು ಎಂದಿತು ಕೋರ್ಟ್. ನಮ್ಮಲ್ಲಿ ಫಾರ್ಮ್ ಹೋಗುವುದು ಗಂಡನ ಕೈಗೆ, ಹೆಂಡತಿಯದು ಹೆಬ್ಬೆಟ್ಟು. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ತುಣುಕು ತೆಗೆದು ನೋಡುವ ಬಯಾಪ್ಸಿ ಮಾಡಿಸಿದ್ದಾರೋ ಇಲ್ಲವೋ ಕೇಳುವವರಿಲ್ಲ.

ಅನಗತ್ಯ ಗರ್ಭಕೋಶ ಆಪರೇಷನ್‌ಗಳ ವಿರುದ್ಧ ವೈದ್ಯ ನರೇಂದ್ರ ಗುಪ್ತಾ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು: ಇವನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿ ಮಾಡಬೇಕು. ನಲವತ್ತರ ಒಳಗಿನವರಿಗಾದರೆ ಇಬ್ಬರು ವೈದ್ಯರು ಕಾರಣ ಬರೆದುಕೊಡಬೇಕೆಂಬ ಸಲಹೆಯೂ ಇದೆ. ಸಲಹೆ ಸರಿ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರು ಒಬ್ಬರೇ ಇದ್ದರೆ, ಎರಡನೇ ಸಹಿ ಹಾಕುವವರು ಯಾರು?