‘ಸಮಾಲೋಚನೆ’ಯ ಅರ್ಥವೇನು? ಸುಪ್ರೀಂ ಕೋರ್ಟ್ ಹುಟ್ಟಿದ ಬಗೆ

1950ರ ಜನವರಿ 28ರಂದು, ಗಣರಾಜ್ಯ ಹುಟ್ಟಿದ ಎರಡೇ ದಿನಕ್ಕೆ, ದೆಹಲಿಯ ಸಂಸತ್ ಭವನದ ನರೇಂದ್ರ ಮಂಡಲ ಸಭಾಂಗಣದಲ್ಲಿ ಸುಪ್ರೀಂ ಕೋರ್ಟ್ ಉದ್ಘಾಟನೆಯಾಯಿತು. ಹಿಂದೆ ದೇಶೀ ಸಂಸ್ಥಾನಗಳ ರಾಜರು ಸಭೆ ಸೇರುತ್ತಿದ್ದ ಆ ಸಭಾಂಗಣದಲ್ಲಿಯೇ 1937ರಿಂದ ಫೆಡರಲ್ ಕೋರ್ಟ್ ನಡೆದಿತ್ತು. ಅಂದು ಪೀಠದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕಣಿಯಾ ಮತ್ತು ಉಳಿದ ಐವರೂ ಆ ನ್ಯಾಯಾಲಯದವರೇ. ಸಂವಿಧಾನದ 374ನೇ ವಿಧಿ ಅವರನ್ನು ಹೊಸ ನ್ಯಾಯಾಲಯಕ್ಕೆ ಕರೆತಂದಿತ್ತು.

ಜಾಗವೂ ಜನರೂ ಹಳೆಯವರಾದರೂ ಅಧಿಕಾರ ಮಾತ್ರ ಹಳೆಯದಾಗಿರಲಿಲ್ಲ. 1935ರ ಭಾರತ ಸರ್ಕಾರ ಕಾಯ್ದೆಯಡಿ ಸ್ಥಾಪಿತವಾದ ಫೆಡರಲ್ ಕೋರ್ಟ್ ಪ್ರಾಂತ್ಯಗಳ ನಡುವಿನ ವ್ಯಾಜ್ಯಗಳನ್ನೂ ಆ ಕಾಯ್ದೆಯ ವ್ಯಾಖ್ಯಾನಕ್ಕೆ ಸಂಬಂಧಿಸಿದ ಮೇಲ್ಮನವಿಗಳನ್ನೂ ಕೇಳುತ್ತಿತ್ತೇ ಹೊರತು, ಕೊನೆಯ ಮಾತು ಬ್ರಿಟಿಷ್ ಸಾಮ್ರಾಜ್ಯದ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ನದೇ ಆಗಿತ್ತು. ಸ್ವಾತಂತ್ರ್ಯ ಬಂದ ಮೇಲೂ ಎರಡು ವರ್ಷ ಈ ಏರ್ಪಾಡು ಮುಂದುವರಿದು, 1949ರ ಅಕ್ಟೋಬರ್ 10ರಂದು ಕೊನೆಗೊಂಡಿತು.

ಹೊಸ ನ್ಯಾಯಾಲಯದ ರೂಪುರೇಷೆಗಾಗಿ ಸಂವಿಧಾನ ರಚನಾ ಸಭೆ ನೇಮಿಸಿದ್ದ ತಾತ್ಕಾಲಿಕ ಸಮಿತಿಯಲ್ಲಿ ಫೆಡರಲ್ ಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಎಸ್. ವರದಾಚಾರಿಯರ್, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್, ಕೆ.ಎಂ. ಮುನ್ಶಿ ಮೊದಲಾದವರ ಜೊತೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರೂ ಇದ್ದರು. ರಾವ್ ಸಭೆಯ ಸದಸ್ಯರಲ್ಲ, ಸಂವಿಧಾನ ಸಲಹೆಗಾರರು. ಆದರೆ ಸಂವಿಧಾನದ ಮೊದಲ ಕರಡು ಅವರದೇ. 1947ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿದ ಸಮಿತಿ, ನ್ಯಾಯಮೂರ್ತಿಗಳ ನೇಮಕವನ್ನು ರಾಷ್ಟ್ರಪತಿಯೊಬ್ಬರ ವಿವೇಚನೆಗೆ ಬಿಡಬಾರದೆಂದು ಹೇಳಿ, 11 ಮಂದಿಯ ಮಂಡಲಿಯೊಂದಕ್ಕೆ ಅದರಲ್ಲಿ ಪಾತ್ರ ಕೊಡಲು ಸೂಚಿಸಿತ್ತು. ಆ ಮಂಡಲಿ ಅಂತಿಮ ಪಠ್ಯದವರೆಗೆ ಬರಲಿಲ್ಲ. ಅದರ ಜಾಗಕ್ಕೆ, ರಾಷ್ಟ್ರಪತಿ ನೇಮಕಕ್ಕೆ ಮೊದಲು ಮುಖ್ಯ ನ್ಯಾಯಮೂರ್ತಿ ಮೊದಲಾದವರೊಂದಿಗೆ ನಡೆಸಬೇಕಾದ ‘ಸಮಾಲೋಚನೆ’ ಎಂಬ ಪದ ಬಂತು.

ಆ ಪದದ ಮೇಲಿನ ಚರ್ಚೆ ನಡೆದದ್ದು 1949ರ ಮೇ 24ರಂದು. ಮುಖ್ಯ ನ್ಯಾಯಮೂರ್ತಿಯ ಸಮ್ಮತಿಯಿಲ್ಲದೆ ನೇಮಕ ಆಗಬಾರದೆಂದು ಕೆಲವರು ಪಟ್ಟುಹಿಡಿದರು. ಸಂಸತ್ತಿನ ಅನುಮೋದನೆ ಬೇಕೆಂದವರೂ ಇದ್ದರು. ಅಂಬೇಡ್ಕರ್ ಎರಡನ್ನೂ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಎಷ್ಟೇ ದೊಡ್ಡವರಾದರೂ ಎಲ್ಲ ಮನುಷ್ಯರಂತೆ ದೌರ್ಬಲ್ಯ, ಪೂರ್ವಗ್ರಹಗಳುಳ್ಳವರೇ ಆದ್ದರಿಂದ, ರಾಷ್ಟ್ರಪತಿಗೂ ಸರ್ಕಾರಕ್ಕೂ ಕೊಡದ ವೀಟೊವನ್ನು ಅವರೊಬ್ಬರ ಕೈಗೆ ಕೊಡುವುದು ಅಪಾಯಕಾರಿ ಎಂಬುದು ಅವರ ವಾದ. ಸಮಾಲೋಚಿಸಿದ ಮೇಲೆ ಅಭಿಪ್ರಾಯಗಳು ಬೇರೆಯಾದರೆ ಯಾರ ಮಾತು ನಡೆಯಬೇಕು ಎಂಬುದನ್ನು ಮಾತ್ರ ನೇಮಕದ ಬಗೆಗಿನ 124ನೇ ವಿಧಿ ಬಿಡಿಸಿ ಹೇಳಲಿಲ್ಲ. ಇಡೀ ವಿಧಿಯ ಬಿರುಕು ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಉಳಿದೆಡೆ ಬರವಣಿಗೆ ಧಾರಾಳವಾಗಿಯೇ ಇತ್ತು. ಮೂಲಭೂತ ಹಕ್ಕಿಗೆ ಚ್ಯುತಿ ಬಂದರೆ ಪ್ರಜೆ ನೇರವಾಗಿ ಇದೇ ನ್ಯಾಯಾಲಯದ ಬಾಗಿಲು ತಟ್ಟಬಹುದೆಂದು 32ನೇ ವಿಧಿ ಹೇಳಿದರೆ, ಸೇನಾ ನ್ಯಾಯಮಂಡಳಿಗಳನ್ನು ಬಿಟ್ಟು ದೇಶದ ಯಾವುದೇ ನ್ಯಾಯಾಲಯದ ತೀರ್ಪಿನ ಮೇಲೆ ವಿಶೇಷ ಅನುಮತಿಯಿಂದ ಮೇಲ್ಮನವಿ ಕೇಳುವ ಅಧಿಕಾರವನ್ನು 136ನೇ ವಿಧಿ ಕೊಟ್ಟಿತು. ಪ್ರಿವಿ ಕೌನ್ಸಿಲ್‌ನ ವ್ಯಾಪ್ತಿಯ ಹೊರಗಿದ್ದ ಮೈಸೂರಿನಂಥ ಸಂಸ್ಥಾನದ ಕಕ್ಷಿದಾರನಿಗೂ ದೆಹಲಿಯ ದಾರಿ ತೆರೆಯಿತು.

1981ರಲ್ಲಿ ಸುಪ್ರೀಂ ಕೋರ್ಟ್, ಸಮಾಲೋಚನೆಯೆಂದರೆ ಸಮ್ಮತಿಯಲ್ಲ ಎಂದಿತು. 1993ರ ಅಕ್ಟೋಬರ್ 6ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಆ ನಿಲುವನ್ನು ತಿರುಗಿಸಿ, ಮುಖ್ಯ ನ್ಯಾಯಮೂರ್ತಿ ಮತ್ತು ಹಿರಿಯ ಸಹೋದ್ಯೋಗಿಗಳ ಅಭಿಪ್ರಾಯಕ್ಕೇ ಪ್ರಾಧಾನ್ಯ ಕೊಟ್ಟಿತು. ನೇಮಕಕ್ಕೆ ಹೆಸರು ಸೂಚಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಇಂದಿನ ಕೊಲಿಜಿಯಂನ ಬೇರು ಇದು. ಇದನ್ನು ಬದಲಿಸಲು ಸಂಸತ್ತು 99ನೇ ತಿದ್ದುಪಡಿಯ ಮೂಲಕ ತಂದ ನೇಮಕಾತಿ ಆಯೋಗವನ್ನು 2015ರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಅಸಿಂಧುಗೊಳಿಸಿದರು. ಒಬ್ಬರು ಭಿನ್ನ ತೀರ್ಪು ಬರೆದರು.