ತಲೆ ಕೆಡಿಸಿದ್ದು ತಟ್ಟೆಯ ಊಟ: ಪೆಲ್ಲಾಗ್ರದ ಹಿನ್ನೆಲೆ

1906ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮೌಂಟ್ ವರ್ನನ್ ಮಾನಸಿಕ ಆಸ್ಪತ್ರೆಯಲ್ಲಿ 88 ರೋಗಿಗಳಿಗೆ ಒಂದೇ ಥರದ ಕಾಯಿಲೆ ಬಂತು. ಬಿಸಿಲು ತಾಗುವ ಕಡೆ ಚರ್ಮ ಒರಟಾಗಿ ಸುಲಿಯಿತು. ಭೇದಿ ಹತ್ತಿತು. 57 ಜನ ತೀರಿಕೊಂಡರು. ಅದು ಕಪ್ಪು ಜನರಿಗೆಂದೇ ಇದ್ದ ಆಸ್ಪತ್ರೆ.

ಕಾಯಿಲೆಯ ಹೆಸರು ಪೆಲ್ಲಾಗ್ರ. ಯುರೋಪಿನಲ್ಲಿ ಇದು ಹಳೆಯದು. ಮೆಕ್ಕೆಜೋಳದ ಗಂಜಿಯ ಮೇಲೇ ಬದುಕುತ್ತಿದ್ದ ಇಟಲಿಯ ಬಡ ರೈತರು ಇದು ಬಂದು ಬುದ್ಧಿ ಕೆಟ್ಟಾಗ ಹುಚ್ಚಾಸ್ಪತ್ರೆ ಸೇರುತ್ತಿದ್ದರು. ಅಮೆರಿಕದ ದಕ್ಷಿಣದಲ್ಲೂ ಹಾಗೇ ಆಯಿತು. ಕೆಲವರು ಪೆಲ್ಲಾಗ್ರದಿಂದ ಆಸ್ಪತ್ರೆಗೆ ಬಂದರು. ಇನ್ನು ಕೆಲವರಿಗೆ ಆಸ್ಪತ್ರೆಯ ಊಟವೇ ಪೆಲ್ಲಾಗ್ರ ತಂದಿತು.

ಆಗ ಬಹಳ ವೈದ್ಯರು ಇದನ್ನು ಅಂಟುರೋಗ ಎಂದುಕೊಂಡಿದ್ದರು. 1914ರಲ್ಲಿ ಸರ್ಕಾರ ಕಳಿಸಿದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸರಳ ಸಂಗತಿ ಗಮನಿಸಿದರು. ರೋಗಿಗಳಿಗೆ ಬರುವ ಕಾಯಿಲೆ ಅವರ ಜೊತೆಗೇ ಇರುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಅಂಟುವುದಾದರೆ ಅವರಿಗೂ ಅಂಟಬೇಕಿತ್ತು, ಅಲ್ವಾ? ಜಾರ್ಜಿಯಾದ ಆಸ್ಪತ್ರೆಯಲ್ಲಿ ಅವರು ರೋಗಿಗಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದರು. ಕಾಯಿಲೆ ಮರುಕಳಿಸಲಿಲ್ಲ. ಆದರೂ ಜನ ನಂಬಲಿಲ್ಲ. ಕೊನೆಗೆ 1916ರಲ್ಲಿ ಅವರೂ ಜೊತೆಗಾರರೂ ರೋಗಿಗಳ ರಕ್ತ ಚುಚ್ಚಿಸಿಕೊಂಡರು, ಮಲ ಸೇರಿಸಿದ ಗುಳಿಗೆಯನ್ನೂ ನುಂಗಿದರು. ಪತ್ನಿ ಮೇರಿಯೂ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಪೆಲ್ಲಾಗ್ರ ಬರಲಿಲ್ಲ. ಇಷ್ಟು ಮಾಡಿದ ಮನುಷ್ಯ ಉತ್ತರ ಪೂರ್ತಿ ಸಿಗುವ ಮೊದಲೇ, 1929ರಲ್ಲಿ ತೀರಿಕೊಂಡರು ಎನ್ನುವುದು ನನಗೆ ಬೇಸರದ ಸಂಗತಿ.

1937ರಲ್ಲಿ ಅಮೆರಿಕದ ವಿಜ್ಞಾನಿ ಕಾನ್ರಾಡ್ ಎಲ್ವೆಹೆಮ್ ಆ ಉತ್ತರ ಕಂಡುಹಿಡಿದರು. ಕೊರತೆ ಇದ್ದದ್ದು ನಯಾಸಿನ್, ಅಂದರೆ ಬಿ3 ವಿಟಮಿನ್. ಮೆಕ್ಕೆಜೋಳದಲ್ಲಿ ಅದು ದೇಹಕ್ಕೆ ಸಿಗದ ಹಾಗೆ ಬಿಗಿದುಕೊಂಡಿರುತ್ತದೆ. ಮೆಕ್ಸಿಕೋದವರು ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸುತ್ತಾರೆ. ಆಗ ಅದು ಬಿಡುಗಡೆಯಾಗುತ್ತದೆ. ಬೆಳೆ ಲೋಕವೆಲ್ಲ ಹರಡಿತು, ಬೇಯಿಸುವ ರೀತಿ ಹರಡಲಿಲ್ಲ. ನಯಾಸಿನ್ ಕೊಟ್ಟ ಕೆಲವೇ ದಿನಗಳಲ್ಲಿ ಎಷ್ಟೋ ರೋಗಿಗಳ ಗೊಂದಲ, ಭ್ರಮೆ ಇಳಿದವು. 1939ರಲ್ಲಿ ಜಾರ್ಜಿಯಾದ ವೈದ್ಯರು ಇನ್ನೂ ಮುಖ್ಯವಾದದ್ದನ್ನು ವರದಿ ಮಾಡಿದರು: ಚರ್ಮದಲ್ಲಿ ಯಾವ ಗುರುತೂ ಇಲ್ಲದೆ ಬರೀ ಮಂಕು ಕವಿದಿದ್ದ ರೋಗಿಗಳೂ ಇದರಿಂದ ಚೇತರಿಸಿಕೊಂಡಿದ್ದರು.

ಈ ಗೆಲುವು ಅತಿ ಆಸೆಯನ್ನೂ ಹುಟ್ಟಿಸಿತು. 1950ರ ದಶಕದಲ್ಲಿ ಕೆನಡಾದ ಮನೋವೈದ್ಯರಾದ ಅಬ್ರಾಮ್ ಹಾಫರ್, ಹಂಫ್ರಿ ಆಸ್ಮಂಡ್ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೂ ನಯಾಸಿನ್ ಕೊಟ್ಟರು. ಮುಂದಿನ ಪರೀಕ್ಷೆಗಳು ಅದನ್ನು ಸಮರ್ಥಿಸಲಿಲ್ಲ. ಕೊರತೆಯಿಂದ ಬಂದ ಕಾಯಿಲೆಗೆ ವಿಟಮಿನ್ ಮದ್ದು, ಎಲ್ಲ ಮಾನಸಿಕ ಕಾಯಿಲೆಗೂ ಅಲ್ಲ.

ನಮ್ಮ ದಖ್ಖನ್ನಿನಲ್ಲೂ ಜೋಳವನ್ನೇ ನೆಚ್ಚಿಕೊಂಡ ಬಡವರಲ್ಲಿ ಪೆಲ್ಲಾಗ್ರ ಇತ್ತು. 1960ರಲ್ಲಿ ಹೈದರಾಬಾದಿನ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ, ಜೋಳದಲ್ಲಿ ಜಾಸ್ತಿ ಇರುವ ಲ್ಯೂಸಿನ್ ಎಂಬ ಪ್ರೋಟೀನಿನ ಅಂಶ ಕಾರಣವಿರಬಹುದು ಎಂದರು. ಅದರ ಬಗ್ಗೆ ವಾದ ನಡೆದೇ ಇತ್ತು. ಬೇಳೆ, ಹಾಲು ಜೊತೆಗಿದ್ದರೆ ರೊಟ್ಟಿಗೆ ಹೆದರಬೇಕಾಗಿಲ್ಲ.

ಈಗಲೂ ಕುಡಿತಕ್ಕೆ ಬಿದ್ದು ಊಟ ಬಿಟ್ಟವರಲ್ಲಿ ಪೆಲ್ಲಾಗ್ರ ಕಾಣುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆ ದೇಹ ನಯಾಸಿನ್ ತಯಾರಿಸುವುದನ್ನು ತಡೆಯಬಲ್ಲದು. ಅಂಥ ರೋಗಿ ದಿಢೀರನೆ ಗೊಂದಲಕ್ಕೆ ಬಿದ್ದರೆ ಮನೆಯವರು ಎರಡು ವಿಷಯ ಮರೆಯದೆ ವೈದ್ಯರಿಗೆ ಹೇಳಬೇಕು: ಯಾವ ಮಾತ್ರೆ ನಡೆಯುತ್ತಿದೆ, ಇತ್ತೀಚೆಗೆ ಏನು ಊಟ ಮಾಡಿದ್ದಾರೆ.