ಏಳನೆಯ ಪುಸ್ತಕ ಕಳೆದರೆ ಇಡೀ ಭಂಡಾರ ಪಕ್ಕದ ಕಾಲೇಜಿಗೆ

ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನ ಪಾರ್ಕರ್ ಗ್ರಂಥಾಲಯದ ಹಸ್ತಪ್ರತಿಗಳು ನಾಲ್ಕೂವರೆ ಶತಮಾನದಿಂದ ಬಹುಪಾಲು ಹಾಗೆಯೇ ಉಳಿದಿವೆ. ಅದಕ್ಕೆ ಕಾರಣ ಒಂದು ಖಡಕ್ ಕರಾರು.

ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ಇಂಗ್ಲೆಂಡಿನ ಕ್ರೈಸ್ತ ಮಠಗಳನ್ನು ಮುಚ್ಚಿಸಿದಾಗ ಅಲ್ಲಿನ ಪುಸ್ತಕಗಳು ದಿಕ್ಕಾಪಾಲಾದವು. ಇದೇ ಕಾಲೇಜಿನ ಮುಖ್ಯಸ್ಥನಾಗಿದ್ದು, 1559ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ ಮ್ಯಾಥ್ಯೂ ಪಾರ್ಕರ್ ಅವುಗಳನ್ನು ಹುಡುಕಿಸಿ ತರಿಸಿದ. ‘ಸಂತ ಅಗಸ್ಟೀನನ ಸುವಾರ್ತೆಗಳು’ ಎಂದು ಹೆಸರಾದ, ಬೈಬಲಿನ ಯೇಸು ಚರಿತ್ರೆಗಳ ಆರನೆಯ ಶತಮಾನದ ಪ್ರತಿಯೂ ಅವುಗಳಲ್ಲೊಂದು. 1575ರಲ್ಲಿ ತೀರಿಕೊಳ್ಳುವ ಮುನ್ನ ಸಂಗ್ರಹವನ್ನು ಕಾಲೇಜಿಗೆ ಬರೆದುಕೊಟ್ಟ. ಆದರೆ ಕಾಲೇಜನ್ನು ಕಣ್ಣುಮುಚ್ಚಿ ನಂಬಲಿಲ್ಲ.

ಅವನ ಕರಾರು ಹೀಗಿತ್ತು: ಪುಸ್ತಕಗಳ ಪಟ್ಟಿಯ ಮೂರು ಪ್ರತಿ ಮಾಡಿಸಿ ಒಂದನ್ನು ಕಾರ್ಪಸ್‌ನಲ್ಲಿ, ಉಳಿದೆರಡನ್ನು ಗಾನ್‌ವಿಲ್ ಅಂಡ್ ಕೀಸ್ ಮತ್ತು ಟ್ರಿನಿಟಿ ಹಾಲ್ ಕಾಲೇಜುಗಳಲ್ಲಿ ಇಡಬೇಕು. ವರ್ಷಕ್ಕೊಮ್ಮೆ ಆ ಎರಡು ಕಾಲೇಜಿನವರು ಬಂದು ಪಟ್ಟಿಗೆ ತಾಳೆ ನೋಡಬೇಕು. ಅಸಡ್ಡೆಯಿಂದ ಆರಕ್ಕಿಂತ ಹೆಚ್ಚು ಫೋಲಿಯೊ (ಹಾಳೆಯನ್ನು ಒಮ್ಮೆ ಮಡಚಿದ ದೊಡ್ಡ ಗಾತ್ರ), ಎಂಟಕ್ಕಿಂತ ಹೆಚ್ಚು ಕ್ವಾರ್ಟೊ (ಎರಡು ಮಡಿಕೆ) ಅಥವಾ ಹನ್ನೆರಡಕ್ಕಿಂತ ಹೆಚ್ಚು ಸಣ್ಣ ಪುಸ್ತಕ ಕಳೆದು, ಆರು ತಿಂಗಳಲ್ಲಿ ಭರ್ತಿಯಾಗದಿದ್ದರೆ ಇಡೀ ಸಂಗ್ರಹ ಕೀಸ್‌ಗೆ ಹೋಗಬೇಕು. ಪಾರ್ಕರ್ ಕೊಟ್ಟಿದ್ದ ಬೆಳ್ಳಿ ಸಾಮಾನೂ ಜೊತೆಗೆ! ಕೀಸ್ ಎಡವಿದರೆ ಟ್ರಿನಿಟಿ ಹಾಲ್‌ಗೆ; ಅದೂ ಎಡವಿದರೆ ಮರಳಿ ಕಾರ್ಪಸ್‌ಗೆ.

ಜಾಣತನ ಇರುವುದು ತಪಾಸಣೆಗೆ ಆರಿಸಿದವರಲ್ಲಿ. ಲೆಕ್ಕ ತಪ್ಪಿದರೆ ಲಾಭ ಲೆಕ್ಕ ನೋಡುವವರಿಗೇ. ಅಂಥವರು ಕಣ್ತಪ್ಪಿಸಿ ಸಹಿ ಹಾಕುವುದುಂಟೇ? ಬೀಗ, ಸರಪಳಿಗಳು ಹೊರಗಿನ ಕಳ್ಳನನ್ನು ತಡೆದಾವು. ಎರವಲು ಕೊಂಡೊಯ್ದು ಮರಳಿಸದ ಒಳಗಿನ ಪಂಡಿತನಿಗೆ ಈ ಕರಾರೇ ಮದ್ದು. ಬೆಲೆಯನ್ನು ತೆತ್ತವರು ಓದುಗರು: ಕಾಲೇಜಿನವರೊಬ್ಬರು ಪಕ್ಕದಲ್ಲಿ ಕೂರದೆ ಹೊರಗಿನವರಿಗೆ ಪ್ರತಿ ಮುಟ್ಟಲು ಬಿಡದ ಕಾಲವೂ ಇತ್ತು.

ಪಾರ್ಕರ್ ಕಾಪಾಡಿದ್ದು ನಿಜ, ಕೆಡಿಸಿದ್ದೂ ನಿಜ. ಚರ್ಮದ ಹಾಳೆಗಳ ಮೇಲೆ ಕೆಂಪು ಬಳಪದಲ್ಲಿ ಪುಟಸಂಖ್ಯೆ ಬರೆಸಿದ. ಒಂದು ಪ್ರತಿಯ ಹಾಳೆ ಕಿತ್ತು ಇನ್ನೊಂದಕ್ಕೆ ಸೇರಿಸಿದ, ಕಾಣೆಯಾದ ಭಾಗವನ್ನು ಹಳೆಯ ಅಕ್ಷರದಂತೆಯೇ ಬರೆಸಿ ತುಂಬಿಸಿದ. ಸಾಲದ್ದಕ್ಕೆ ಹದಿನೆಂಟನೆಯ ಶತಮಾನದಲ್ಲಿ ಅನೇಕ ಪ್ರತಿಗಳ ರಟ್ಟು ಬದಲಾಯಿತು. ಹಳೆಯ ಹೊಲಿಗೆಯ ಗುರುತು ಅಳಿಯಿತು.

2018ರಿಂದ ಈ ಪ್ರತಿಗಳ ಚಿತ್ರಗಳನ್ನು ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪಠ್ಯ ಓದಲು ಅಷ್ಟು ಸಾಕು. ಯಾವ ಹಾಳೆ ಮೂಲದ್ದು, ಯಾವುದು ಪಾರ್ಕರ್ ಸೇರಿಸಿದ್ದು ಎಂದು ತೀರ್ಮಾನಿಸಲು ಮಾತ್ರ ಮಡಿಕೆಯ ಒಳಗೆ ದಾರ ಎಲ್ಲಿ ಹಾದಿದೆ, ಮಡಿಕೆಯ ಆಚೆಬದಿಯಲ್ಲಿ ಹಾಳೆಗೆ ಜೋಡಿ ಇದೆಯೋ ಅಥವಾ ಅಂಟಿಸಿದ ತುಣುಕೋ ಎಂದು ಮೂಲಪ್ರತಿಯನ್ನೇ ಬಿಡಿಸಿ ನೋಡಬೇಕು.